ಕೊಪ್ಪಳದ ಕೋಟೆಗೆ ಒಬ್ಬಾಕೀನ ಹೋಗಿದ್ದೆ

ಕೊಪ್ಪಳದ ಕೋಟೆ ನೋಡಾಕ ನಾನು ಒಬ್ಬಾಕೀನ ಹೋಗಿ ಬಂದದ್ದು ಬೆಟಗೇರಿ ಓಣಿ ತುಂಬ ಸುದ್ದಿ ಆಗೇತಿ. "ಹರಕಿ ಇತ್ತೇನ್ರಿ?" ಅಂತ ಒಬ್ಬರು ಕೇಳಿದ್ರು. "ಗವಿಮಠದ ಜಾತ್ರಿ ಮುಗದ ಮ್ಯಾಲ ಹೋದ್ರೆಲ್ಲ" ಅಂತ ಇನ್ನೊಬ್ಬರು. ನಮ್ಮ ನೆಗೆಣ್ಣಿ ಅಂತೂ "ಅಲ್ಲಬೇ, ಬರೇ ಕಲ್ಲು ನೋಡಾಕ ಯಾರರ ಬಸ್ ಹತ್ತತಾರೇನು?" ಅಂದ್ಲು. ಒಬ್ಬೊಬ್ಬರಿಗೂ ಹೇಳಿ ಸಾಕಾತು. ಅದಕ್ಕ ಎಲ್ಲಾರಿಗೂ ಸೇರಿಸಿ ಇಲ್ಲೇ ಬರೀತೇನಿ. ಒಲಿ ಮ್ಯಾಲ ಬ್ಯಾಳಿ ಇಟ್ಟು ಓದಾಕ ಕುಂದರಬ್ಯಾಡ್ರಿ, ಸ್ವಲ್ಪ ಉದ್ದ ಐತಿ.

ಈ ಹುಚ್ಚು ಹಿಡಿಸಿದಾಕಿ ನಮ್ಮ ಅಣ್ಣನ ಸೊಸಿ. ಗಂಡನ ನೌಕರಿ ಸಲುವಾಗಿ ಆಕಿ ಕೊರಿಯಾ ದೇಶದ ಸುವಾನ್ ಅನ್ನೂ ಊರಾಗ ಇರತಾಳ. ಆ ಊರಿನ ಸುತ್ತ ಹ್ವಾಸಾಂಗ್ ಅಂತ ಒಂದು ಕೋಟೆ ಐತಿ. ಗೋಡಿ ಉದ್ದ ಐದೂಮುಕ್ಕಾಲು ಕಿಲೋಮೀಟರ್ ಹತ್ತರ. ಒಂದ ದಿನ ಗಂಡ ಆಫೀಸಿಗೆ ಹೋದ ಮ್ಯಾಲ ಈಕಿ ಒಬ್ಬಾಕೀನ ಆ ಗೋಡಿ ಪೂರ್ತಿ ಸುತ್ತಿ, ದಾರಿ ತುಂಬ ನನಗ ಫೋಟೊ ಕಳಿಸಿದ್ಲು. ಕಡೀಕ "ಅತ್ತಿ, ನಿಮ್ಮ ಕಡೇನೂ ಕೋಟೆ ಅದಾವಲ್ಲ, ನೀವೂ ಒಮ್ಮೆ ಹಿಂಗ ಅಡ್ಡಾಡಿ ಬರ್ರಿ" ಅಂತ ಬರದಿದ್ಲು.

ಆ ಕೋಟೆ ಕಥಿ ಕೇಳಿದ್ರ ನಿಮಗೂ ಹೊಟ್ಟಿ ಚುರ್ ಅಂತೈತಿ. ಅದನ್ನ ಕಟ್ಟಿಸಿದ ಅರಸ ಜೋಂಗ್ಜೋ. ಇವನ ಅಪ್ಪ ಸಾದೋ ಯುವರಾಜ ಇದ್ದ. ಸಾದೋನ್ನ ಅವನ ತಂದಿನ, ಅಂದ್ರ ಆಗಿನ ಅರಸನ, 1762ರಾಗ ಅಕ್ಕಿ ತುಂಬೂ ಪೆಟ್ಟಿಗಿಯೊಳಗ ಹಾಕಿ ಮುಚ್ಚಿಸಿದ. ಎಂಟ ದಿನಕ್ಕ ಜೀವ ಹೋತು. ನಾವು ಕಾಳು ಹುಳ ಹತ್ತಬಾರದಂತ ಬೇವಿನ ಎಲಿ ಹಾಕಿ ಮುಚ್ಚಿಡತೇವಿ, ಅವರ ಮನ್ಯಾಗ ಮಗನ್ನ ಮುಚ್ಚಿಟ್ರು. ಮುಂದ ಮೊಮ್ಮಗ ಪಟ್ಟಕ್ಕ ಬಂದು ಅಪ್ಪನ ಸಮಾಧಿನ ಸುವಾನ್ ಕಡೆ ತಂದ, 1794ರಿಂದ 1796ರ ತನಕ ಅಲ್ಲಿ ಈ ಕೋಟೆ ಕಟ್ಟಿಸಿದ. ನಡುವ 1795ರಾಗ, ಗಂಡನ್ನ ಕಳಕೊಂಡಿದ್ದ ತಾಯಿ ಹೇಗ್ಯಾಂಗ್‌ಗೆ ಅರವತ್ತು ತುಂಬಿತಂತ ದೊಡ್ಡ ಮೆರವಣಿಗಿಯೊಳಗ ಆಕೀನ ಕರಕೊಂಡು ಬಂದು ಅಲ್ಲೇ ಊಟ ಹಾಕಿಸಿದ. ಆ ತಾಯಿ ತನ್ನ ಬಾಳಿನ ಕಥಿ ತಾನ ಬರದಿಟ್ಟಾಳ.

ಇನ್ನೊಂದು ಮಾತು ನನ್ನ ತಲ್ಯಾಗ ಕುಂತುಬಿಡ್ತು. ಆ ಕೋಟೆ ಕಟ್ಟಿದ ಲೆಕ್ಕಾನೆಲ್ಲ ಒಂದು ದೊಡ್ಡ ಪುಸ್ತಕದಾಗ ಬರದಿಟ್ಟಾರ. ಎಷ್ಟು ಕಲ್ಲು, ಎಷ್ಟು ಕಟಗಿ, ಯಾವ ಯಂತ್ರದಿಂದ ಕಲ್ಲು ಎತ್ತಿದ್ರು ಅನ್ನೂದರ ಜೋಡಿ, ಕೆಲಸ ಮಾಡಿದವರ ಹೆಸರು ಮತ್ತ ಅವರಿಗೆ ಕೊಟ್ಟ ಕೂಲಿನೂ ಐತಿ. ಕೊರಿಯಾ ಯುದ್ಧದಾಗ ಕೋಟೆ ಭಾಳ ಹಾಳಾಗಿತ್ತು. 1970ರ ದಶಕದಾಗ ಆ ಪುಸ್ತಕಾ ತಗದು ನೋಡಿಕೋಂತ ಹೆಂಗಿತ್ತೋ ಹಂಗ ತಿರುಗಿ ಕಟ್ಟಿದ್ರು. 1997ರಾಗ ಯುನೆಸ್ಕೊದವರು ಅದನ್ನ ಜಗತ್ತಿನ ಆಸ್ತಿ ಅಂತ ಪಟ್ಟಿಗೆ ಸೇರಿಸಿದ್ರು. ನಮ್ಮ ಗದಗ ಮತ್ತ ಕೊಪ್ಪಳ ಎರಡೂ ಜಿಲ್ಲೆ ಆದದ್ದೂ ಅದ ವರ್ಷ.

ಹಂಗಾದ್ರ ನಮ್ಮ ಕೋಟೆ ಯಾವುದು? ಹತ್ತರ ಅಂದ್ರ ನರಗುಂದ, ಗಜೇಂದ್ರಗಡ. ಆದ್ರ ನನ್ನ ತವರು ಮುಂಡರಗಿ. ಮುಂಡರಗಿಯವರಿಗೆ ಕೊಪ್ಪಳದ ಕೋಟೆ ಅಂದ್ರ ಬ್ಯಾರೆ. ನಮ್ಮ ಊರ ಹೆಸರು ಹೊತ್ತ ಮನಷ್ಯಾ ಆ ಕೋಟೆಯೊಳಗ ಜೀವ ಬಿಟ್ಟಾನ. ಸಾಲ್ಯಾಗ "ಮುಂಡರಗಿ ಭೀಮರಾಯ, 1858" ಅಂತ ಒಂದ ಸಾಲು ಬಾಯಿಪಾಠ ಮಾಡಿದ್ವಿ. ಪರೀಕ್ಷಾದಾಗ ಒಂದು ಮಾರ್ಕ್ಸ್. ಮುಂಡರಗಿಯವರು ಮುಂಡರಗಿಯಾಗ ಯಾಕ ಸಾಯಲಿಲ್ಲ, ಕೊಪ್ಪಳಕ್ಕ ಯಾಕ ಹೋದ್ರು ಅಂತ ಯಾರೂ ಹೇಳಲಿಲ್ಲ.

ಅಣ್ಣನ ಮನಿಗೆ ಹೋಗಿ ಎರಡ ದಿನ ಇದ್ದು, ಮೂರನೇ ದಿನ ಮುಂಜಾನೆ ಬುತ್ತಿ ಕಟಗೊಂಡು ಹೊಂಟೆ. ನಾಕು ಕಟಿ ರೊಟ್ಟಿ, ಶೇಂಗಾ ಚಟ್ನಿ, ಬದನೀಕಾಯಿ ಪಲ್ಯಾ, ಎರಡು ಬಾಟ್ಲಿ ನೀರು. ವೈನಿ "ಹುಡುಗನ್ನ ಜೋಡಿ ಕಳಸತೇನಿ" ಅಂತ ಬಾಗಲ ತನಕ ಬಂದ್ಲು. ಬ್ಯಾಡಂದೆ. ಹುಡುಗ ಬಂದ್ರ ಹತ್ತ ನಿಮಿಷಕ್ಕ "ನಡಿ ಅತ್ತಿ" ಅಂತಾನ, ನನಗ ಪ್ರತಿ ಕಲ್ಲಿನ ಮುಂದ ನಿಂದ್ರೂದಿತ್ತು.

ಮುಂಡರಗಿಯಿಂದ ಅಳವಂಡಿ ಮ್ಯಾಲ ಹಾದು ಬಸ್ಸು ಕೊಪ್ಪಳಕ್ಕ ಹೋಗತೈತಿ. ಕಂಡಕ್ಟರ ಆಧಾರ ಕಾರ್ಡ್ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರದು ಕೊಟ್ಟ. ಆ ಟಿಕೆಟ್ ಕೈಯಾಗ ಹಿಡಕೊಂಡು ನನಗ ನಮ್ಮ ಆಯಿ ನೆನಪಾದ್ಲು. ಆಕಿ ಅಳವಂಡಿ ಕಡೇ ಹಳ್ಳಿಯಾಕಿ, ಮುಂಡರಗಿಗೆ ಸೊಸಿಯಾಗಿ ಬಂದಿದ್ಲು. ಸಾಯೂ ತನಕ ಆಕೀನ ಓಣ್ಯಾಗ "ಮೊಗಲಾಯಿಯಾಕಿ" ಅಂತಿದ್ರು. ನಾವು ಸಣ್ಣವರಿದ್ದಾಗ ಅದು ಅಡ್ಡಹೆಸರು ಅಂತ ತಿಳಕೊಂಡಿದ್ವಿ. ಅದು ಅಡ್ಡಹೆಸರಲ್ರೀ, ಅದು ದೇಶದ ಹೆಸರು. ಅಳವಂಡಿ, ಕೊಪ್ಪಳ ಎಲ್ಲಾ ಹೈದರಾಬಾದ ನಿಜಾಮನ ರಾಜ್ಯ. ಅದಕ್ಕ ನಮ್ಮ ಕಡೆ ಮೊಗಲಾಯಿ ಅಂತಿದ್ರು. ಮುಂಡರಗಿ ಇಂಗ್ರೇಜರ ಮುಂಬಯಿ ಇಲಾಖೆ. ನಡುವ ಗಡಿ, ಗಡಿಯೊಳಗ ನಿಜಾಮನ ಸುಂಕದ ಕರೋಡಗಿರಿ ನಾಕಾ. ರೊಕ್ಕಾನೂ ಬ್ಯಾರೆ. ಇತ್ತ ಕಲ್ದಾರ್ ರೂಪಾಯಿ, ಅತ್ತ ಹಾಲಿ ಸಿಕ್ಕಾ. ನೂರು ಕಲ್ದಾರಕ್ಕ ಸುಮಾರು 116 ಹಾಲಿ ರೂಪಾಯಿ. ಲಗ್ನದ ಚಕ್ಕಡಿ ನಾಕಾದಾಗ ನಿಲ್ಲಿಸಿ ಸೀರಿ ಗಂಟು ಬಿಚ್ಚಿ ನೋಡಿದ್ರಂತ. ಹೊಸಾ ಸೊಸಿ ಕುಂತ ಚಕ್ಕಡಿ ಅನ್ನೂದೂ ನೋಡಲಿಲ್ಲ ಅಂತ ಆಯಿ ಎಂಬತ್ತು ವರ್ಷಕ್ಕೂ ಸಿಟ್ಟು ಮಾಡತಿದ್ಲು.

ನಮ್ಮ ಊರುಗಳನ್ನ ಒಂದೊಂದ ಹಿಡೀರಿ, ಮೋಜು ಗೊತ್ತಾಗತೈತಿ. ಗದಗ-ಬೆಟಗೇರಿ, ಮುಂಡರಗಿ ಇಂಗ್ರೇಜರದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಅಲ್ಲಿಂದ ಕೂಗಳತಿ ದೂರದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಹೊಳಿ ದಾಟಿದ್ರ ಹಡಗಲಿ, ಬಳ್ಳಾರಿ ಮದ್ರಾಸ ಇಲಾಖೆ. ಮೂಡಲಕ್ಕ ನಿಜಾಮ. ಇವತ್ತ ನಾವು ಒಂದ ದಿನದಾಗ ಲಗ್ನ, ಗೃಹಪ್ರವೇಶ, ಕುಬಸ ಅಂತ ಮೂರು ಊರು ತಿರಗತೇವಲ್ಲ, ಆಗ ಅದು ಮೂರು ಸರಕಾರ ದಾಟಿದಂಗ. ನಮ್ಮ ಅಜ್ಜಿಗಳು ಪಾಸಪೋರ್ಟ್ ಇಲ್ಲದ ಪರದೇಶಕ್ಕ ಬಾಳೇವಿಗೆ ಹೋದವರು.

ಈ ಗಡಿ ತಿಳೀದ ಭೀಮರಾಯರ ಕಥಿ ತಿಳಿಯೂದಿಲ್ಲ.

1857ರಾಗ ಉತ್ತರದ ಕಡೆ ದಂಗೆ ಆದಮ್ಯಾಲ ಇಂಗ್ರೇಜರು ಹತಾರ ಕಸಗೊಳ್ಳೂ ಕಾಯ್ದೆ ತಂದ್ರು. ಲೈಸೆನ್ಸ್ ಇಲ್ಲದ ಯಾರೂ ಖಡ್ಗ, ಬಂದೂಕ, ಭರ್ಚಿ ಇಟ್ಟುಕೊಳ್ಳೂಹಂಗಿಲ್ಲ. ಇದು ದೊಡ್ಡವರ ಮಾತಷ್ಟ ಆಗಿರಲಿಲ್ಲ. ನಮ್ಮ ಕಡೆ ಗೌಡರು, ದೇಸಾಯರು, ನಾಯಕರು, ಬ್ಯಾಡರು, ಊರ ಕಾಯೂ ಮಂದಿ, ಎಲ್ಲಾರ ಮನ್ಯಾಗೂ ಒಂದಿಲ್ಲೊಂದು ಹತಾರ ಇರತಿತ್ತು. ಮಾನೌಮಿಗೆ ಅದಕ್ಕ ಕುಂಕುಮ ಹಚ್ಚಿ ಪೂಜಿ ಮಾಡೂದು, ಅದು ಮನಿದೇವರ ಜೋಡಿ ಜಗಲಿ ಮ್ಯಾಲ ಕುಂದರೂದು. ಸರಕಾರ ಬಂದು ಜಗಲಿ ಮ್ಯಾಲಿಂದ ಒಂದು ದೇವರನ್ನ ಎತ್ತಿಕೊಂಡು ಹೋದ್ರ ಹೆಂಗ ಆಗಬೇಕು? ಮುಧೋಳ ಕಡೇ ಹಲಗಲಿಯ ಬ್ಯಾಡರು ಕೊಡೂದಿಲ್ಲ ಅಂದ್ರು. 1857ರ ನವೆಂಬರದಾಗ ಆ ಊರಿಗೇ ಬೆಂಕಿ ಬಿತ್ತು. ನನ್ನ ತವರಮನ್ಯಾಗ ಆಯುಧಪೂಜಿಗೆ ಈಗೂ ಒಂದು ಕಟಗಿ ಖಡ್ಗ ಇಡತಾರ. ಕಬ್ಬಣದ್ದು ಯಾಕಿಲ್ಲ ಅಂತ ಕೇಳಿದಾಗ ಆಯಿ "ಕಬ್ಬಣಾ ಸರಕಾರಕ್ಕ, ಕಟಗಿ ನಮಗ" ಅಂತಿದ್ಲು. ಅಷ್ಟ ಹೇಳಿ ಊದಿನಕಡ್ಡಿ ಹಚ್ಚತಿದ್ಲು.

ಭೀಮರಾಯರು ಖಡ್ಗ ಹಿಡದು ಬೆಳದ ಪಾಳೆಯಗಾರರಲ್ಲ. ನಾಡಗೌಡಕಿ ಮನೆತನದವರು, ಓದಿದವರು, ಬಳ್ಳಾರಿ ಕಡೆ ಕುಂಪಣಿ ಸರಕಾರದ ನೌಕರಿ ಮಾಡಿ ಅದನ್ನ ಕಳಕೊಂಡವರು. ಸರಕಾರದ ಕಾಗದ ಪತ್ರ ಹೆಂಗ ಓಡ್ಯಾಡತಾವ, ಖಜಾನೆ ಎಲ್ಲಿರತೈತಿ ಅನ್ನೂದು ಗೊತ್ತಿದ್ದ ಮನಷ್ಯಾ. ಅವರ ಜೋಡಿ ಹಮ್ಮಿಗಿಯ ಕೆಂಚನಗೌಡರು. ಹಮ್ಮಿಗಿ ಅಂದ್ರ ಈಗ ನಮಗ ತುಂಗಭದ್ರಾ ಬ್ಯಾರೇಜು, ಮುಳುಗಡಿ ಊರುಗಳು ನೆನಪಾಗತಾವ. ಆಗ ಅಲ್ಲಿ ಗೌಡರ ವಾಡೇದಾಗ ಹತಾರ ಕೂಡಿಟ್ಟದ್ದು ಸರಕಾರಕ್ಕ ಗೊತ್ತಾಗಿ, ವಶಕ್ಕ ತಗೊಂಡು ಕಾವಲು ಹಾಕಿದ್ರು. 1858ರ ಮೇ ತಿಂಗಳ ಕಡೇ ವಾರದಾಗ ಭೀಮರಾಯರು ತಮ್ಮ ಮಂದಿ ಕಟಗೊಂಡು ಬಂದು ಆ ಹತಾರ ಬಿಡಿಸಿಕೊಂಡ್ರು. ಅಲ್ಲಿಂದ ಡಂಬಳಕ್ಕ ಹೋಗಿ ಸರಕಾರದ ಖಜಾನೆ ಲೂಟಿ ಮಾಡಿದ್ರು. ಡಂಬಳದ ದೊಡ್ಡಬಸಪ್ಪನ ಗುಡಿಗೆ ನಾವು ಎಷ್ಟ ಸಲ ಹೋಗೇವಿ, ಆ ನಕ್ಷತ್ರದಂಥಾ ಗೋಡಿ ಸುತ್ತ ಫೋಟೊ ತಗಸಕೊಂಡೇವಿ. ಆ ಊರಾಗ ಇದೂ ಆಗೇತಿ ಅಂತ ಯಾರೂ ತೋರಸೂದಿಲ್ಲ.

ಆಮ್ಯಾಲ ಕೊಪ್ಪಳ. ಯಾಕ ಕೊಪ್ಪಳ ಅಂದ್ರ ಅದ ಗಡಿ. ಗಡಿ ದಾಟಿದ್ರ ಇಂಗ್ರೇಜರ ಮುಂಬಯಿ ಸರಕಾರದ ಕೈ ಸರಳ ಮುಟ್ಟೂದಿಲ್ಲ, ಮತ್ತ ಎದುರಿಗೇ ದೇಶದಾಗ ಹೆಸರಾದ ಕೋಟೆ. ನಾನು ಆ ಜಾಗಾದಾಗ ಇದ್ದಿದ್ರೂ ಅತ್ತನ ಹೋಗತಿದ್ದೆ ಅನಸತೈತಿ. ಬಸ್ಸು ಅಳವಂಡಿ ದಾಟಿ ಕರೀ ಹೊಲದಿಂದ ಕೆಂಪ ಮಣ್ಣಿಗೆ ಹೊಳ್ಳಿ, ದೊಡ್ಡ ದೊಡ್ಡ ಗುಂಡಿನ ಗುಡ್ಡ ಶುರು ಆದಾಗ, ಅಲ್ಲಿ ಹೊಕ್ಕರ ಯಾರ ಕೈಗೂ ಸಿಗೂದಿಲ್ಲ ಅಂತ ನನಗೂ ಅನಿಸಿತು.

ಕೊಪ್ಪಳದ ಬಸ್‌ಸ್ಟ್ಯಾಂಡಿನ್ಯಾಗ ಇಳದು ಚಾ ಕುಡದು, ಊರೊಳಗ ಹಾಯ್ದು ಕೋಟೆ ಬುಡಕ್ಕ ಬಂದೆ. ಕೆಳಗ ಮನಿ, ಅಂಗಡಿ, ಹಗ್ಗದ ಮ್ಯಾಲ ಒಣಹಾಕಿದ ಬಟ್ಟಿ. ಮ್ಯಾಲ ನೋಡಿದ್ರ ಕಲ್ಲಿನ ಮ್ಯಾಲ ಕಲ್ಲು. ಯಾವುದು ದೇವರು ಇಟ್ಟ ಬಂಡಿ, ಯಾವುದು ಮನಷ್ಯಾ ಕಟ್ಟಿದ ಗೋಡಿ ಅಂತ ತಟ್ಟನ ತಿಳಿಯೂದಿಲ್ಲ. ಕಟ್ಟಿದವರು ಎರಡು ಗುಂಡಿನ ನಡುವ ಸಂದು ಇದ್ದಲ್ಲೆ ಅಷ್ಟ ಗೋಡಿ ಕಟ್ಟಿ ಕೂಡಿಸ್ಯಾರ, ನಾವು ಹರದ ಕವದಿಗೆ ತುಂಡು ಹಚ್ಚಿ ಹೊಲದಂಗ. ಮೆಟ್ಟಲಾ ಹತ್ತಿದಂಗ ಬಾಗಲಾ ಬರತಾವ. ಒಂದು ಬಾಗಲದಾಗ ನಿಂತ್ರ ಇನ್ನೊಂದು ಕಾಣೂದಿಲ್ಲ, ದಾರಿನ ಬೇಕಂತ ತಿರುವ್ಯಾರ. ಮೊಣಕಾಲು ನೋವಿನವರು ಸಾವಕಾಶ ಹತ್ತರಿ, ನಾನು ಹತ್ತ ಸಲ ಕುಂತೆ.

ಹಳೇ ಕೋಟೆ ಮೊದಲಿನಿಂದ ಇತ್ತು. ಈಗ ಕಾಣೂದರಾಗ ಭಾಳಷ್ಟು ಟಿಪ್ಪು ಸುಲ್ತಾನನ ಕಾಲದ್ದು. 1786ರಾಗ ಒಬ್ಬ ಪಾಳೆಯಗಾರನ ಕಡಿಂದ ಈ ಕೋಟೆ ಅವನ ಕೈಗೆ ಬಂತು. ಫ್ರೆಂಚ್ ಎಂಜಿನಿಯರ್‌ಗಳನ್ನ ಕರಸಿ ಕೆಳಗಿನ ಕೋಟೆ ಹೊಸದಾಗಿ ಕಟ್ಟಿಸಿದ. ಅಂದ್ರ ಹತ್ತ ವರ್ಷದ ಅಂತರದಾಗ ಅಲ್ಲಿ ಸುವಾನಿನ್ಯಾಗ ಮಗ ಅಪ್ಪನ ಸಲುವಾಗಿ ಗೋಡಿ ಎತ್ತತಿದ್ದ, ಇಲ್ಲಿ ಸುಲ್ತಾನ ನಿಜಾಮ, ಮರಾಠರು, ಇಂಗ್ರೇಜರ ಅಂಜಿಕಿಗೆ ಗೋಡಿ ಎತ್ತತಿದ್ದ. ಅಲ್ಲಿ ಕಲ್ಲು ಹೊತ್ತವರ ಹೆಸರು, ಕೂಲಿ ಪುಸ್ತಕದಾಗ ಐತಿ. ಇಲ್ಲಿ ಹಂಗ ಒಂದು ಹೆಸರೂ ನನಗ ಎಲ್ಲೂ ಓದಾಕ ಸಿಗಲಿಲ್ಲ. ಕಲ್ಲಿನ ಮ್ಯಾಲ ಉಳಿ ಪೆಟ್ಟಿನ ಸಾಲು ಅಷ್ಟ ಐತಿ, ಕೈ ಆಡಿಸಿದ್ರ ಹತ್ತತಾವ.

ಟಿಪ್ಪು ಕಟ್ಟಿದ್ದು ಪಾಸಾತೋ ನಪಾಸಾತೋ ಅಂತ ನಾಕು ವರ್ಷದಾಗ ಗೊತ್ತಾತು. 1790ರಾಗ ನಿಜಾಮನ ದಂಡು, ಇಂಗ್ರೇಜರ ದಂಡು ಎರಡೂ ಕೂಡಿ ಬಂದು ಸುತ್ತ ಕುಂತ್ರು. ಕೋಟೆ ಕೈಗೆ ಬಂದದ್ದು 1791ರಾಗ. ಆರ ತಿಂಗಳ ಮುತ್ತಿಗಿ! ಆ ದಂಡಿನ್ಯಾಗ ಜಾನ್ ಮಾಲ್ಕಂ ಅಂತ ಒಬ್ಬ ಹುಡುಗ ಅಧಿಕಾರಿ ಇದ್ದ, ಮುಂದ ಮುಂಬಯಿ ಗವರ್ನರ್ ಆದವ. ಹಿಂದೂಸ್ಥಾನದಾಗ ತಾನು ನೋಡಿದ ಜಾಗಾದಾಗ ಇಷ್ಟು ಗಟ್ಟಿಯಾದ್ದು ಇನ್ನೊಂದಿಲ್ಲ ಅಂತ ಅವನ ಅಭಿಪ್ರಾಯ. 1819ರಾಗ ಮತ್ತೊಮ್ಮೆ ಇಂಗ್ರೇಜರು ಮುತ್ತಿದ್ರು. ಒಳಗ ಇದ್ದವರು ಸ್ವಲ್ಪ ಮಂದಿ, ಆದ್ರೂ ಹಿಡೀಬೇಕಾದ್ರ ಬೆವರು ಇಳೀತು.

ಅದ ಕೋಟೆ, ಅದ ಗೋಡಿ. 1858ರ ಜೂನ್ 1ಕ್ಕ ಬಳ್ಳಾರಿ ಕಡಿಂದ ಮೇಜರ್ ಹ್ಯೂಸನ ದಂಡು ಬಂದು ಹತ್ತಿತು, ಅವತ್ತ ಕೋಟೆ ಬಿತ್ತು. ಭೀಮರಾಯರು, ಕೆಂಚನಗೌಡರು ಇಬ್ಬರೂ ಅಲ್ಲೇ ಬಿದ್ದರು. ಅವರ ಜೋಡಿ ಇನ್ನೂ ಎಷ್ಟೋ ಮಂದಿ ಸತ್ತರು. ಸೆರೆ ಸಿಕ್ಕವರನ್ನ ವಿಚಾರಣೆ ಅಂತ ಮಾಡಿ ಭಾಳ ಮಂದೀನ ಕೊಂದರು.

ಆರ ತಿಂಗಳ ನಿಂತ ಕೋಟೆ ಒಂದ ದಿನದಾಗ ಯಾಕ ಬಿತ್ತು? ನಾನು ಮ್ಯಾಲ ಒಂದು ಬಂಡಿ ನೆರಳಿಗೆ ಕುಂತು ರೊಟ್ಟಿ ಬಿಚ್ಚಿದಾಗ ಇದ ತಲ್ಯಾಗ ತಿರಗತಿತ್ತು. ಗಂಡಸರು ಬರದ ಇತಿಹಾಸದಾಗ ತೋಪು, ಮದ್ದು, ದ್ರೋಹ ಅಂತ ಬರೀತಾರ. ನಾನು ನಮ್ಮ ಲೆಕ್ಕಾ ಮಾಡಿದೆ. ಒಂದು ಆಳಿಗೆ ದಿನಕ್ಕ ಕಡಿಮಿ ಅಂದ್ರೂ ಆರನೂರು ಗ್ರಾಂ ಜೋಳಾ ಬೇಕು. ಒಳಗ ಮುನ್ನೂರು ಮಂದಿ ಅಂತ ಹಿಡೀರಿ, ದಿನಕ್ಕ 180 ಕಿಲೋ, ಎರಡ ಚೀಲಕ್ಕ ಸ್ವಲ್ಪ ಕಡಿಮಿ. ಟಿಪ್ಪುನ ಕಾಲದ ಮುತ್ತಿಗ್ಯಾಗ ಸಾವಿರ ಮಂದಿ ಇದ್ದರು ಅಂತ ಹಿಡದ್ರ ದಿನಕ್ಕ ಆರು ಕ್ವಿಂಟಲ್, ಆರ ತಿಂಗಳಿಗೆ ಸಾವಿರಕ್ಕ ಮಿಕ್ಕಿ ಕ್ವಿಂಟಲ್. ಅಷ್ಟು ಕಾಳು ಹಗೇದಾಗ ತುಂಬಿ ಇಡಾಕ ಸುಗ್ಗಿ ಮುಗದ ಕೂಡಲೇ ಶುರು ಮಾಡಬೇಕು. ಸುಲ್ತಾನನ ಸರಕಾರ ಅದನ್ನ ಮಾಡಿತ್ತು, ಅದಕ್ಕ ಆರ ತಿಂಗಳ ನಿಂತಿತು.

ಭೀಮರಾಯರು ಹೋದದ್ದು ಯಾವಾಗ? ಮೇ ಕಡೀಕ. ರೋಹಿಣಿ ಮಳಿ ಇನ್ನ ನಿಂತಿಲ್ಲ, ಬಿಸಲು ನೆತ್ತಿ ಸುಡತೈತಿ, ಗುಡ್ಡದ ಮ್ಯಾಲ ಮಳಿ ನೀರು ನಿಂದ್ರೂ ಕಲ್ಲಿನ ದ್ವಾಣಿ ತಳ ಹತ್ತಿರತಾವ. ನಾನು ಹೋದದ್ದು ಶಿವರಾತ್ರಿ ಮುಂದ, ಆಗಲೇ ನೀರು ಪಾಚಿಗಟ್ಟಿ ಕೆಳಗ ಹೋಗಿತ್ತು. ಹಮ್ಮಿಗಿಯಿಂದ ಹತಾರ, ಡಂಬಳದಿಂದ ರೊಕ್ಕಾ ತಂದ್ರು. ಕಾಳು? ಬೀಸೂ ಕಲ್ಲು? ಬೀಸೂ ಕೈ? ವಾರದೊಳಗ ಹಮ್ಮಿಗಿ, ಡಂಬಳ, ಕೊಪ್ಪಳ ಮೂರೂ ಆದ ಮ್ಯಾಲ ಒಲಿ ಹೂಡಾಕ ಹೊತ್ತಾದರೂ ಎಲ್ಲಿತ್ತು? ಅವರು ಒಂದ ದಿನದಾಗ ಸೋಲದಿದ್ರೂ ಹತ್ತ ದಿನಕ್ಕ ಹಸಿವು ಸೋಲಸತಿತ್ತು ಅನ್ನೂದು ನನ್ನ ಅಡಿಗಿಮನಿ ತೀರ್ಪು. ಧೈರ್ಯ ಕಡಿಮಿ ಇರಲಿಲ್ಲ ಅವರಿಗೆ. ಬುತ್ತಿ ಇರಲಿಲ್ಲ.

ಅದ ವಾರದಾಗ ಪಡುವಲಕ್ಕ ನರಗುಂದನೂ ಎದ್ದಿತ್ತು. ನರಗುಂದದ ಬಾಬಾಸಾಹೇಬ, ಅಂದ್ರ ಭಾಸ್ಕರರಾವ ಭಾವೆ, ಮಕ್ಕಳಿಲ್ಲಂತ ದತ್ತಕ ತಗೋಳಾಕ ಪರವಾನಗಿ ಕೇಳಿದ್ರ ಸರಕಾರ ಕೊಡಲಿಲ್ಲ. ಕಿತ್ತೂರಿನ ಚೆನ್ನಮ್ಮನ ಗೋಳೂ ಇದ ಅಲ್ಲೇನು? ಹೊರಗ ನೋಡಿದ್ರ ರಾಜ್ಯದ ಜಗಳ, ಒಳಗ ನೋಡಿದ್ರ ತೊಟ್ಟಿಲದ ಜಗಳ. ಮೇ 29ರ ರಾತ್ರಿ ಸುರೇಬಾನದಾಗ ಮ್ಯಾನ್ಸನ್ ಅನ್ನೂ ಇಂಗ್ರೇಜ ಅಧಿಕಾರಿ ತಲಿ ಹೋತು, ಅದನ್ನ ನರಗುಂದದ ಅಗಸಿಗೆ ಕಟ್ಟಿದ್ರು. ಜೂನ್ ಶುರುವಿಗೆ ನರಗುಂದ ಬಿತ್ತು, ಜೂನ್ 12ಕ್ಕ ಬಾಬಾಸಾಹೇಬರನ್ನ ಬೆಳಗಾವಿಯಾಗ ಗಲ್ಲಿಗೆ ಹಾಕಿದ್ರು. ಅವರ ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರಿಬಾಯಿ ಅತ್ತಿ-ಸೊಸಿ ಇಬ್ಬರೂ ಮಲಪ್ರಭಾ ಹೊಳಿಗೆ ಹಾರಿದರು ಅಂತ ನರಗುಂದದ ಕಡೆ ಇಂದಿಗೂ ಹೇಳತಾರ. ಅವರ ಹೆಸರಾದರೂ ಉಳದಾವ. ಭೀಮರಾಯರ ಮನ್ಯಾಗಿನ ಹೆಣ್ಣಮಕ್ಕಳು, ಕೆಂಚನಗೌಡರ ವಾಡೇದಾಗಿನವರು ಜೂನ್ 2ಕ್ಕ ಏನ ಮಾಡಿದ್ರು? ಗಂಡ ಸತ್ತ ಸುದ್ದಿ ಒಂದು ಕಡೆ, ಬಾಗಲಕ್ಕ ಜಪ್ತಿ ಮಾಡೂ ಮಂದಿ ಇನ್ನೊಂದು ಕಡೆ. ಕೋಟೆ ಬಿದ್ದ ತಾರೀಖು ಪುಸ್ತಕದಾಗ ಐತಿ, ಒಲಿ ಆರಿದ ತಾರೀಖು ಯಾರೂ ಬರೀಲಿಲ್ಲ.

ಮ್ಯಾಲಿಂದ ಊರು ಕಾಣತೈತಿ, ಹುಲಿಕೆರಿ ನೀರು ಕಾಣತೈತಿ, ಗದಗಿನಿಂದ ಗುಂತಕಲ್ಲಿಗೆ ಹೋಗೂ ರೈಲ್ವೆ ಹಳಿ ಕಾಣತೈತಿ. ಒಂದು ತಾಸು ಅಲ್ಲೇ ಕುಂತೆ. ಯಾರೂ ಮಾತಾಡಸಲಿಲ್ಲ. ಮನ್ಯಾಗ ಒಂದು ತಾಸು ಯಾರೂ ಮಾತಾಡಸದಂಗ ಕುಂತು ಎಷ್ಟು ವರ್ಷ ಆಗಿತ್ತೋ. ಇಬ್ಬರು ಕಾಲೇಜ ಹುಡುಗ್ಯಾರು ಮ್ಯಾಲ ಬಂದು, ನನ್ನ ನೋಡಿ "ಆಂಟಿ, ಒಬ್ರ ಬಂದೀರೇನ್ರಿ?" ಅಂತ ಕೇಳಿ, ನನ್ನ ಕೈಯಿಂದನ ಫೋಟೊ ತಗಸಕೊಂಡು ಹೋದ್ರು.

ಕೆಳಗ ಇಳದು ಗವಿಮಠಕ್ಕ ಹೋದೆ. ಅಲ್ಲಿ ಬಂಡಿ ಮ್ಯಾಲ ಅಶೋಕ ಚಕ್ರವರ್ತಿಯ ಶಾಸನ ಐತಿ. ಊರ ಹೊರಗ ಪಾಲ್ಕಿಗುಂಡಿನ ಮ್ಯಾಲ ಇನ್ನೊಂದು. ಎರಡೂ 1931ರಾಗ ಬೆಳಕಿಗೆ ಬಂದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷಾ. ನಮಗ ಓದಾಕ ಬರೂದಿಲ್ಲ. ಎರಡೂಕಾಲು ಸಾವಿರ ವರ್ಷದ ಹಿಂದ ಯಾರೋ ಇಲ್ಲಿ ತನಕ ಬಂದು, ಅರಸನ ಮಾತು ಕಲ್ಲಿನ್ಯಾಗ ಕೊರದು ಹೋಗ್ಯಾರ. ಅದರ ಮುಂದ ಟಿಪ್ಪು, ನಿಜಾಮ, ಇಂಗ್ರೇಜರು ಎಲ್ಲಾ ನಿನ್ನೆ ಮೊನ್ನೆಯವರು. ಲಕ್ಷ್ಮೇಶ್ವರದ ಅಕ್ಕಗಳಿಗೆ ಒಂದು ಮಾತು: ಒಂಬತ್ತನೇ ಶತಮಾನದ ಕವಿರಾಜಮಾರ್ಗದಾಗ ಕನ್ನಡದ ತಿರುಳಿನ ಸೀಮೆ ಯಾವುದು ಅಂತ ಹೇಳೂವಾಗ ಕಿಸುವೊಳಲು, ಒಂಕುಂದದ ಜೋಡಿ ಈ ಕೊಪಣ, ಅಂದ್ರ ಕೊಪ್ಪಳ, ಮತ್ತ ನಿಮ್ಮ ಪುಲಿಗೆರೆ ಎರಡೂ ಬಂದಾವ. ಮೊಗಲಾಯಿ, ಮಿರಜ, ಸಾಂಗಲಿ ಅಂತ ಹಂಚಿಹೋಗೂಕಿಂತ ಸಾವಿರ ವರ್ಷ ಮೊದಲ ನಾವು ಒಂದ ಅಂಗಳದವರು.

ಹೊಳ್ಳಿ ಬರೂವಾಗ ಬಸ್ಸಿನ್ಯಾಗ ಅಳವಂಡಿಯ ಹಿರೇ ಹೆಣ್ಣಮಗಳೊಬ್ಬಾಕಿ ಮಗ್ಗಲಕ್ಕ ಕುಂತಿದ್ಲು. ಕೋಟೆ ಅಂದ ಕೂಡಲೇ ಆಕಿ ರಜಾಕಾರರ ಮಾತು ತಗದ್ಲು. ನಿಜ, ಆ ಕಥೀನೂ ಇದ ದಾರ್ಯಾಗ ಆಗೇತಿ, ಆದ್ರ ದಿಕ್ಕು ಉಲ್ಟಾ. 1858ರಾಗ ಇಂಗ್ರೇಜರಿಂದ ತಪ್ಪಿಸಿಕೊಂಡು ಮುಂಡರಗಿ ಮಂದಿ ಮೊಗಲಾಯಿಗೆ ಹೋದ್ರು. 1947-48ರಾಗ ನಿಜಾಮನ ರಜಾಕಾರರಿಂದ ತಪ್ಪಿಸಿಕೊಂಡು ಮೊಗಲಾಯಿ ಮಂದಿ ಮುಂಡರಗಿಗೆ ಬಂದ್ರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುಂಡರಗಿಯಾಗ ಶಿಬಿರ ಕಟ್ಟಿ ಅಲ್ಲಿಂದ ಹೋರಾಟ ನಡಿಸಿದ್ರು, ಆಮ್ಯಾಲ ಲೋಕಸಭಾಕ್ಕೂ ಆರಿಸಿ ಹೋದ್ರು. ಆ ವರ್ಷ ಮುಂಡರಗಿಯ ನಮ್ಮ ಆಯಿ ಮನ್ಯಾಗ ತವರ ಕಡೇ ಹನ್ನೆರಡು ಮಂದಿ ಎಂಟು ತಿಂಗಳ ಇದ್ರಂತ. 1948ರ ಸೆಪ್ಟೆಂಬರದಾಗ ಹೈದರಾಬಾದ ಬಿದ್ದ ಮ್ಯಾಲ ಅವರು ತಿರುಗಿ ಹೋದ್ರು. "ನಾನು ದಿನಾ ಮೂವತ್ತು ರೊಟ್ಟಿ ಹೆಚ್ಚಿಗಿ ಬಡೀತಿದ್ದೆ" ಅಂತ ಆಯಿ ಹೇಳತಿದ್ಲು. ಮಗ್ಗಲ ಕುಂತ ಹಿರೇ ಹೆಣ್ಣಮಗಳಿಗೆ ಇದನ್ನ ಹೇಳಿದ್ರ, "ಮೂವತ್ತ ಏನವಾ, ನಮ್ಮ ಅವ್ವ ಐವತ್ತು ಬಡೀತಿದ್ಲು" ಅಂದ್ಲು. ಇಲ್ಲೂ ಚೌಕಾಶಿ!

ಹೋಗೂವರಿಗೆ ಹೇಳತೇನಿ: ಯುಗಾದಿ ಒಳಗ ಹೋಗ್ರಿ, ಇಲ್ಲಾ ಮಳಿಗಾಲ ಮುಗದ ಮ್ಯಾಲ. ಮುಂಜಾನೆ ಎಂಟರ ಒಳಗ ಹತ್ತಾಕ ಶುರು ಮಾಡ್ರಿ. ಮ್ಯಾಲ ಅಂಗಡಿ ಇಲ್ಲ, ನೀರು ನೀವ ಒಯ್ಯಬೇಕು. ಚಪ್ಪಲ ಬ್ಯಾಡ, ಬೂಟು ಹಾಕ್ಕೊಳ್ರಿ, ಕೆಲವು ಮೆಟ್ಟಲಾ ನುಣ್ಣಗಾಗ್ಯಾವ. ಹೊತ್ತು ಉಳದ್ರ ಕಿನ್ನಾಳಕ್ಕ ಹೋಗಿ ಕಟಗಿ ಗೊಂಬಿ ನೋಡ್ರಿ, ಅಲ್ಲಿ ಬಣ್ಣಾ ಹಚ್ಚೂದು ನೋಡೂದ ಒಂದು ಹಬ್ಬ.

ಇನ್ನ ನಿಮ್ಮ ಕಡಿಂದ ನನಗ ಒಂದು ಬೇಕಾಗೇತಿ. ಹಮ್ಮಿಗಿ, ಡಂಬಳ, ಸೊರಟೂರ, ಮುಂಡರಗಿ ತವರಿದ್ದವರು ಈ ಸಲ ಹೋದಾಗ ಮನ್ಯಾಗಿನ ಹಿರೇರನ್ನ ಕುಂದರಿಸಿಕೊಂಡು ಕೇಳ್ರಿ: ಆ ಗಲಾಟಿ ವರ್ಷ ನಮ್ಮ ಮನೀ ಹೆಣ್ಣಮಕ್ಕಳು ಎಲ್ಲಿ ಹೋಗಿದ್ರು, ಯಾರ ಮನ್ಯಾಗ ಇದ್ರು, ಹೊಲಾ ಯಾವಾಗ ತಿರುಗಿ ಬಂತು, ಬರಲೇ ಇಲ್ಲೋ. ಜಗಲಿ ಮ್ಯಾಲ ಕಟಗಿ ಖಡ್ಗ ಇದ್ದರ ಅದನ್ನೂ ನೋಡಿಕೊಂಡು ಬರ್ರಿ. ಅರ್ಧ ಮಾತಾದ್ರೂ ಬರಕೊಳ್ರಿ, ನಾನು ಶನಿವಾರ ಸಂಜೀಕ ನಿಮ್ಮ ಮನಿಗೆ ಬಂದು ಕೇಳಿಕೊಂಡು ಹೋಗತೇನಿ.